ಅವಳು ಕೂರಿಸಿದ ಕ್ಯಾಪ್

ಹರಿಹರದಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್ಕಿದೆ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ನನ್ನ ಗೆಳತಿಯ ತಾಯಿ. ಭಾನುವಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು.

“ಅಮ್ಮೀ, ಏನಾತ್ರಿ?” ಎಂದೆ.

ಕರವಸ್ತ್ರ ಬಿಚ್ಚಿ ತೋರಿಸಿದರು. ಹಲ್ಲಿನ ಮೇಲೆ ಹಾಕುವ ಬಿಳಿ ಕ್ಯಾಪ್. “ರೊಟ್ಟಿ ಕಡಿವಾಗ ಬಂದ್ಬಿಡ್ತು ಬೇಟಿ. ಹೊಸದು ಬ್ಯಾಡ. ನನ್ನ ಮಗಳು ಕೂರ್ಸಿದ್ದು ಇದು. ಇದ್ನೇ ಕೂರ್ಸು.”

ಆ ಮಗಳೂ ನಾನೂ ದಾವಣಗೆರೆಯಲ್ಲಿ ಒಟ್ಟಿಗೆ ಓದಿದವರು, ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಅವಳ ಪ್ರಬಂಧದ ವಿಷಯ ಇಂಥ ಕ್ಯಾಪುಗಳೇ. ಇವನ್ನು ಜಿರ್ಕೋನಿಯಾದಿಂದ, ಅಂದರೆ ಒಂದು ಲೋಹದ ಆಕ್ಸೈಡಿನಿಂದ ಮಾಡುತ್ತಾರೆ. ಹಲ್ಲಿಗೆ ಅಂಟಿಸುವ ರೆಸಿನ್ ಒಂದು ಪಾಲಿಮರ್, ಅಂದರೆ ಅಣುಗಳ ಉದ್ದ ಸರಪಳಿ. ಬರೀ ರೆಸಿನ್ ಹಚ್ಚಿದರೆ ಅದು ಜಿರ್ಕೋನಿಯಾವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮೊದಲು ಪ್ರೈಮರ್ ಹಚ್ಚುತ್ತೇವೆ. ಅದರ ಅಣುವಿನ ಒಂದು ತುದಿಯಲ್ಲಿರುವ ಫಾಸ್ಫೇಟ್ ಆಕ್ಸೈಡಿನೊಂದಿಗೆ ಬಂಧ ಕಟ್ಟುತ್ತದೆ. ಇನ್ನೊಂದು ತುದಿ ರೆಸಿನ್ ಗಟ್ಟಿಯಾಗುವಾಗ ಅದರ ಸರಪಳಿಯಲ್ಲೇ ಸೇರಿಹೋಗುತ್ತದೆ. ಆದರೆ ನಮ್ಮ ಜೊಲ್ಲಿನಲ್ಲೂ ಫಾಸ್ಫೇಟ್ ಇದೆ. ಅಳತೆ ನೋಡಲು ಕ್ಯಾಪನ್ನು ಬಾಯಲ್ಲಿಟ್ಟರೆ ಅದೇ ಮೊದಲು ಹೋಗಿ ಪ್ರೈಮರ್ ಕೂರಬೇಕಾದ ಜಾಗ ಹಿಡಿದುಬಿಡುತ್ತದೆ. ನೀರಲ್ಲಿ ತೊಳೆದರೂ ಪೂರಾ ಹೋಗುವುದಿಲ್ಲ.

ಇದನ್ನು ಪರೀಕ್ಷಿಸಲು ಅವಳಿಗೆ ಜೊಲ್ಲು ಬೇಕಿತ್ತು. ರಂಜಾನ್ ತಿಂಗಳು. ಗಾಜಿನ ಬಟ್ಟಲು ಹಿಡಿದು ನನ್ನ ಮಂಚದ ಬಳಿ ಬಂದಳು.

“ಲೇ, ನಂದು ರೋಜಾ ಐತೆ, ಬಾಯೆಲ್ಲ ಒಣಗೈತೆ. ನೀನೇ ಉಗುಳು.”

“ಥೂ! ನಿನ್ನ ಡಿಗ್ರಿಗೆ ನಾ ಯಾಕ ಉಗುಳ್ಬೇಕು?”

“ಸಂಜಿಗೆ ಮಿರ್ಚಿ ಮಂಡಕ್ಕಿ ಕೊಡಿಸ್ತೀನಿ, ಉಗುಳೇ!”

ನಗು ಬಂದು ಬಟ್ಟಲು ತುಂಬಲೇ ಇಲ್ಲ. ಜೊಲ್ಲು ತಾಗಿಸಿದ ಜಿರ್ಕೋನಿಯಾ ಬಿಲ್ಲೆಗಳಿಗೆ ರೆಸಿನ್ ಅಂಟಿಸಿ, ಬೆಚ್ಚಗಿನ ನೀರಲ್ಲಿಟ್ಟು, ಎಷ್ಟು ಬಲಕ್ಕೆ ಬಿಡುತ್ತದೆಂದು ನೋಡಲು ಆಮೇಲೆ ಯಂತ್ರಕ್ಕೆ ಕೊಟ್ಟು ಕೀಳಿಸುತ್ತಿದ್ದೆವು. ಒಂದೊಂದು ಕಿತ್ತು ಬಂದಾಗಲೂ ಅವಳು ನನ್ನ ಕೈ ಅದುಮುತ್ತಿದ್ದಳು. ಅಷ್ಟು ಮನಸಿಟ್ಟು ಕೆಲಸ ಮಾಡುವವರನ್ನು ನಾನು ಆಮೇಲೆ ನೋಡಿಲ್ಲ. ಓದು ಮುಗಿಯುವ ಮುಂಚೆ ತಾಯಿಯ ಹಲ್ಲಿಗೆ ತಾನೇ ಕ್ಯಾಪ್ ಕೂರಿಸಿದಳು. ಆಮೇಲೆ ಮದುವೆಯಾಗಿ ಬೀದರಿಗೆ ಹೋದಳು. ಎರಡು ಮಕ್ಕಳಾದವು, ಕೆಲಸ ಬಿಟ್ಟಳು. ವಾರಕ್ಕೊಮ್ಮೆ ಬರುತ್ತಿದ್ದ ಫೋನು ಹಬ್ಬಕ್ಕೊಮ್ಮೆ ಬರುವಂತಾಯಿತು.

ಅಮ್ಮಿಯ ಕ್ಯಾಪಿನ ಒಳಗೆ ಅಂಟಿದ್ದ ಹಳೆ ಸಿಮೆಂಟನ್ನು ಕೆರೆದೆ. ಅಲ್ಯುಮಿನಾ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹಾಯಿಸಿ ಮೈ ಶುಚಿ ಮಾಡಿದೆ. ಹೊಸದಾಗಿ ಪ್ರೈಮರ್ ಹಚ್ಚಿ, ರೆಸಿನ್ ತುಂಬಿ, ಹಲ್ಲಿನ ಮೇಲೆ ಕೂರಿಸಿ, ರೆಸಿನ್ ಗಟ್ಟಿಯಾಗಲು ನೀಲಿ ಬೆಳಕು ಹಿಡಿದೆ. ಅಂಚಿನ ಸುತ್ತ ಸೂಜಿಯಂಥ ಸಲಾಕೆ ಆಡಿಸಿದೆ, ಎಲ್ಲೂ ತಡೆಯಲಿಲ್ಲ. ಅಷ್ಟು ಚೆನ್ನಾಗಿ ಅಳತೆ ತೆಗೆದಿದ್ದಳು. ಅವಳು ಪಕ್ಕದಲ್ಲೇ ನಿಂತು ಬಗ್ಗಿ ನೋಡುತ್ತಿರಬಾರದಿತ್ತೇ ಅನ್ನಿಸಿತು.

ಅಮ್ಮಿ ಕನ್ನಡಿಯಲ್ಲಿ ನೋಡಿಕೊಂಡು, “ಅವಳಿಗೆ ತೋರಿಸ್ಬೇಕಲ್ಲ,” ಎಂದರು. ವಿಡಿಯೋ ಕಾಲ್ ಮಾಡಿದೆ. ಅಡುಗೆಮನೆಯಲ್ಲಿದ್ದಳು, ಕೈಗೆಲ್ಲ ಹಿಟ್ಟು.

“ಅಮ್ಮೀ, ಅಗಲ ಬಾಯಿ ತೆಗಿ. ಇನ್ನೂ ಅಗಲ. ಲೇ, ಫೋನು ಹತ್ರ ಹಿಡಿ.” ಬಹಳ ಹೊತ್ತು ನೋಡಿದಳು. “ಚಂದ ಕೂತೈತೆ,” ಎಂದಳು. ಅಮ್ಮಿ ಕೈತೊಳೆಯಲು ಎದ್ದುಹೋದ ಮೇಲೆ ದನಿ ತಗ್ಗಿಸಿ ಕೇಳಿದಳು: “ನಿನ್ನ ಕ್ಲಿನಿಕ್ಕಲ್ಲಿ ಇನ್ನೊಂದು ಕುರ್ಚಿ ಹಾಕ್ಸಾಕೆ ಜಾಗ ಐತೇನೇ?”

“ಐತೆ. ಬಾ,” ಎಂದೆ.

ಅಷ್ಟರಲ್ಲಿ ಅತ್ತ ಯಾವುದೋ ಮಗು ಅತ್ತಿತು. “ಆಮ್ಯಾಕೆ ಮಾಡ್ತೀನಿ,” ಎಂದು ಫೋನಿಟ್ಟಳು.

ಅಮ್ಮಿಯನ್ನು ಬಸ್ಸು ಹತ್ತಿಸಿ ಬಂದೆ. ಒಳಕೋಣೆಯಲ್ಲಿ ಪೇರಿಸಿದ್ದ ಖಾಲಿ ಡಬ್ಬಗಳನ್ನು ಆ ಮಧ್ಯಾಹ್ನವೇ ಹೊರಗೆ ಹಾಕಿಸಿ, ನೆಲ ತೊಳೆಸಿದೆ. ಕಿಟಕಿ ಪೂರ್ವಕ್ಕಿದೆ, ಬೆಳಗಿನ ಹೊತ್ತು ಒಳ್ಳೆಯ ಬೆಳಕು ಬರುತ್ತದೆ. ಅವಳ ಫೋನು ಬಂದಾಗ ಅದನ್ನು ಹೇಳಬೇಕು ಅಂದುಕೊಂಡೆ.