ಭಾವ ತೂಗಿದ ಡ್ರೋನು

ನಮ್ಮ ಭಾವ ಡ್ರೋನ್ ಹಾರಿಸಿ ಸೋರುವ ತಾರಸಿಗಳ ಫೋಟೊ ತೆಗೆಯುವವರು. ಅಂದಾಜು ಎಂಬ ಮಾತು ಕೇಳಿದರೇ ಅವರಿಗೆ ಮೈ ಉರಿಯುತ್ತದೆ. ಯಾವ ಬ್ಯಾಟರಿಗೆ ಡ್ರೋನು ಎಷ್ಟು ಹೊತ್ತು ಹಾರುತ್ತದೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಕೊಂಡು, ಮೊನ್ನೆ ಡ್ರೋನನ್ನು ಬ್ಯಾಟರಿ ಸಮೇತ ಅಡುಗೆಮನೆಯ ತಕ್ಕಡಿಯ ಮೇಲೆ ಕೂರಿಸಿದರು. ಡಾಕ್ಟರು ಊಟ ಕಡಿಮೆ ಮಾಡಿ ಎಂದ ಮೇಲೆ ಭಾವನ ಊಟ ತೂಗಲೆಂದೇ ಅಕ್ಕ ತಂದಿದ್ದ ತಕ್ಕಡಿ ಅದು. ತೂಕ ತುಂಬಿಸಿದೊಡನೆ ಸಾಫ್ಟ್‌ವೇರ್ ಇಪ್ಪತ್ತು ನಿಮಿಷ ಎಂದಿತು.

ಡ್ರೋನು ಹದಿಮೂರನೇ ನಿಮಿಷಕ್ಕೇ ಸುಸ್ತಾಗಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕುಳಿತುಬಿಟ್ಟಿತು.

"ದರಿದ್ರ ಸಾಫ್ಟ್‌ವೇರು, ಹಸೀ ಸುಳ್ಳು ಹೇಳುತ್ತೆ!" ಎಂದು ಭಾವ ಕೂಗಾಡಿದರು. "ಇನ್ನೂ ದೊಡ್ಡ ಬ್ಯಾಟರಿ ತರ್ತೀನಿ."

ಅಕ್ಕ ತರಕಾರಿ ಹೆಚ್ಚುತ್ತಲೇ ಕೇಳಿದಳು: "ಅದಿರ್ಲಿ, ತಕ್ಕಡಿಯ ತಿರುಪು ತಿರುಗಿಸಿ, ಮುನ್ನೂರು ಗ್ರಾಂ ಕಮ್ಮಿ ತೋರಿಸೋ ಹಾಗೆ ಮಾಡಿಟ್ಟೋರು ಯಾರು?"

ತಾವೇ ತಿರುಗಿಸಿದ್ದು ಆಗ ನೆನಪಾಗಿ ಭಾವ ಸೂರು ನೋಡಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಾಗ್ದೆ ಏನು? ಇನ್ನೂರು ಗ್ರಾಂ ಊಟ ತಟ್ಟೆಯಿಂದ ಆಚೆ ಚೆಲ್ಲುತ್ತಾ?"

ಅಕ್ಕ ಆಗಲೇ ತಿರುಪು ಸರಿಮಾಡಿದಳು. ಮತ್ತೆ ತೂಗಿದ ಮೇಲೆ ಡ್ರೋನು ಸಾಫ್ಟ್‌ವೇರ್ ಹೇಳಿದಷ್ಟೇ ಹೊತ್ತು ಹಾರುತ್ತಿದೆ. ಹದಿಮೂರನೇ ನಿಮಿಷಕ್ಕೆ ಸುಸ್ತಾಗಿ ಕುಳಿತುಬಿಡುವವರು ಈಗ ಭಾವ.