ಎಡಗೋಡೆಯ ಹಿಡಿಕೆ

ಉಮ್ಮಾಲಿಮ್ಮನಿಗೆ ಬೇಕಾಗಿದ್ದದ್ದು ಬಾತ್‌ರೂಮಿನ ಎಡಗೋಡೆಗೆ ಒಂದು ಸ್ಟೀಲಿನ ಹಿಡಿಕೆ, ಅದರ ಪಕ್ಕದಲ್ಲಿ ಕೂತುಕೊಳ್ಳಲು ಒಂದು ಗಿಡ್ಡ ಕಟ್ಟೆ. ಅಷ್ಟು ಮಾಡಿಕೊಟ್ಟರೆ ನನ್ನ ಮೈ ನಾನೇ ತೊಳೆದುಕೊಳ್ಳುತ್ತೇನೆ ಎಂಬುದು ಅವಳ ಹಟ. ಪಾರ್ಶ್ವವಾಯು ಬಡಿದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಎಡಗೈ ಮಾತ್ರ ಇನ್ನೂ ಹೇಳಿದ ಹಾಗೆ ಕೇಳುತ್ತಿತ್ತು. ಆ ಒಂದು ಕೈಯನ್ನು ನಂಬಿಯೇ ಅವಳು ಬೆಳಗಾದರೆ ಕಣ್ಣು ಬಿಡುತ್ತಿದ್ದಳು.

ಕುಂಜತ್ತೂರಿನಲ್ಲಿ ಅವಳು ಕಾಲಿಡದ ಮನೆಯಿರಲಿಲ್ಲ. ಜಮಾಅತಿನ ಯಾವ ಹೆಂಗಸು ತೀರಿಕೊಂಡರೂ ಮೊದಲು ಕರೆ ಬರುತ್ತಿದ್ದದ್ದು ಅವಳಿಗೆ. ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಕಡೆಯ ಸ್ನಾನ ಮಾಡಿಸುವ ಕೆಲಸ ಅವಳ ಅತ್ತೆಯಿಂದ ಬಂದದ್ದು. ಹೋದ ಮನೆಯಲ್ಲಿ ಅಳುವವರು ಅಳುತ್ತಿರಲಿ, ಇವಳು ಮೊದಲು ಜಾಗ ನೋಡುತ್ತಿದ್ದಳು. ಮಂಚ ಎಲ್ಲಿ ಹಾಕಬೇಕು, ಎರಡೂ ಬದಿಯಲ್ಲಿ ಹೆಂಗಸರಿಗೆ ನಿಲ್ಲಲು ಆಗುತ್ತದೆಯೇ, ತಲೆಯ ಕಡೆ ಎಷ್ಟು ಎತ್ತರಿಸಿದರೆ ನೀರು ಕಾಲಿನತ್ತ ಹರಿದುಹೋಗುತ್ತದೆ, ಇದೆಲ್ಲ ಅವಳಿಗೆ ಕಣ್ಣಳತೆಯ ಲೆಕ್ಕ. ಹೊದೆಸಿದ ಬಟ್ಟೆ ಒಂದಿಷ್ಟೂ ಸರಿಯದಂತೆ ಅದರ ಅಡಿಯಲ್ಲೇ ಕೈ ಹಾಕಿ ತೊಳೆಯುತ್ತಿದ್ದಳು. ಮೈಮೇಲೆ ಕಂಡದ್ದನ್ನು ಹೊರಗೆ ಹೇಳಬಾರದು ಎಂಬುದು ಕಟ್ಟಳೆ. ಯಾವ ಮನೆಯ ಗಂಡ ಎಂಥವನು ಎಂದು ಅವಳಿಗೆ ಗೊತ್ತಾದಷ್ಟು ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಆದರೆ ಒಂದು ಮಾತೂ ಅವಳ ಬಾಯಿಂದ ಹೊರಬೀಳಲಿಲ್ಲ. ಸೊಸೆ ಸಜ್ನಾ ಮನೆಗೆ ಬಂದ ಮೇಲೆ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದಳು.

ಈಗ ಅದೇ ಸಜ್ನಾ ಅತ್ತೆಯ ಬಟ್ಟೆ ಬಿಚ್ಚುವವಳು. ಊರಿನ ಹೆಂಗಸರ ಮಾನ ಕಾಯ್ದವಳಿಗೆ ತನ್ನದನ್ನು ಮುಚ್ಚಿಕೊಳ್ಳಲು ಎರಡು ಕೈ ಇಲ್ಲದಾಯಿತು. ನಾಚಿಕೆಯಿಂದ ಅವಳು ಹಿಡಿಯಷ್ಟಾದಳು. ಕೆಟ್ಟ ಸೊಸೆಯಾಗಿದ್ದರೆ ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಸಜ್ನಾ ಅಂಥವಳೂ ಅಲ್ಲ. ಒಮ್ಮೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೀರು ಹೊಯ್ಯುವಾಗ ಕುರ್ಚಿ ಜಾರಿ ಇಬ್ಬರೂ ಬಿದ್ದರು. ಅತ್ತೆಯನ್ನು ತನ್ನ ಮೇಲೆ ಬೀಳಿಸಿಕೊಂಡ ಸಜ್ನಾಳ ಸೊಂಟ ಅಂದಿನಿಂದ ನೆಟ್ಟಗಾಗಲಿಲ್ಲ. ಆಮೇಲೆ ಸ್ನಾನವೆಂದರೆ ಮಂಚದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾತ್ರ.

ಇದನ್ನು ನೋಡಲಾರದೆ ಉಮ್ಮಾಲಿಮ್ಮನ ಗಂಡ ಅಬ್ದುಲ್ ಹಮೀದ್ ಬಾತ್‌ರೂಮನ್ನೇ ಹೊಸದು ಮಾಡುತ್ತೇನೆಂದು ಹೊರಟ. ಹಮೀದನಿಗೆ ಒಂದು ಹುಚ್ಚು ಹಿಡಿದರೆ ಊಟ ತಿಂಡಿ ಬೇಡ. ತಲಪಾಡಿ ದಾಟಿ ತೊಕ್ಕೊಟ್ಟಿನವರೆಗೆ ಇರುವ ಟೈಲ್ಸ್ ಅಂಗಡಿಗಳನ್ನೆಲ್ಲ ಜಾಲಾಡಿದ, ಜಾರದ ಟೈಲ್ಸ್ ಎಂದು ತೋರಿಸಿದವರ ಎದುರಲ್ಲೇ ಅದರ ಮೇಲೆ ನೀರು ಚೆಲ್ಲಿ ಕಾಲು ಉಜ್ಜಿ ನೋಡಿದ. ಹೆಂಡತಿ ಹಿಡಿಕೆಯ ಮಾತೆತ್ತಿದಾಗಲೆಲ್ಲ ಆಯ್ತು ಆಯ್ತು ಎಂದ. ಆ ಆಯ್ತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಪಕ್ಕದ ಸ್ಟೋರ್ ರೂಮಿನ ಗೋಡೆ ಒಡೆದು ಕಸ ಹೊರಹಾಕಿದ ಮೇಲೆ ಮೇಸ್ತ್ರಿ ಪ್ರವೀತ್ ಚಾಕ್‌ಪೀಸ್ ಹಿಡಿದು ಬಂದ. ಎಲ್ಲೆಲ್ಲಿ ಏನೇನು ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿ ಎಂದ. ಹಮೀದ್ ಚಾಕ್‌ಪೀಸನ್ನು ಸೊಸೆಯ ಕೈಗೆ ಕೊಟ್ಟ, ಮೀಯಿಸುವವಳು ನೀನು, ನಿನಗೆ ಅನುಕೂಲವಾಗುವ ಹಾಗೆ ಹಾಕು ಎಂದ. ಸಜ್ನಾ ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಬಗ್ಗಿದಳು. ಉಮ್ಮಾಲಿಮ್ಮ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತು, ತನ್ನ ಗಿಡ್ಡ ಕಟ್ಟೆ ಯಾವ ಮೂಲೆಗೆ ಬರುತ್ತದೆ ಎಂದು ಕಾಯುತ್ತಿದ್ದಳು.

ಗೆರೆ ಮೂಲೆಗೆ ಹೋಗಲಿಲ್ಲ. ನಟ್ಟನಡುವೆ ಆಳುದ್ದದ ಒಂದು ಕಟ್ಟೆ ಬಂತು, ಎರಡೂ ಬದಿಯಲ್ಲಿ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ತಲೆ ಯಾವ ಕಡೆ ಎಂದು ಪ್ರವೀತ್ ಕೇಳಿದ.

"ಬಡಗು ಕಡೆ," ಸಜ್ನಾ ತಲೆ ಎತ್ತದೆ ಹೇಳಿದಳು. "ಅಲ್ಲಿ ಒಂದು ಇಟ್ಟಿಗೆ ಎತ್ತರ ಇರ್ಲಿ. ನೀರು ಕಾಲಿನ ಕಡೆ ಹೋಗ್ಬೇಕು."

ಉಮ್ಮಾಲಿಮ್ಮನಿಗೆ ಆ ಗೆರೆಗಳ ಗುರುತು ಸಿಕ್ಕಿತು. ಎಷ್ಟು ಮನೆಯ ಹಿತ್ತಿಲಲ್ಲಿ ಆ ಮಾತನ್ನು ಅವಳೇ ಹೇಳಿರಲಿಲ್ಲ! ನಾಲಿಗೆಯನ್ನು ಎಳೆದು ತಂದು ಅವಳು ಹಿಡಿಕೆ ಎಲ್ಲಿ ಎಂದು ಕೇಳಿದಳು.

ಹಮೀದ್ ಹತ್ತಿರ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. ಎರಡು ಬದಿಯೂ ಜಾಗ ಬಿಟ್ಟ ಮೇಲೆ ಗೋಡೆ ಕೈಗೆ ಎಟುಕುವುದಿಲ್ಲ ಎಂದು ಮಕ್ಕಳಿಗೆ ಹೇಳುವ ಹಾಗೆ ತಿಳಿಸಿದ. ಆಮೇಲೆ ಅಕ್ಕರೆಯಿಂದಲೇ, "ಮಲಗಿದವಳಿಗೆ ಹಿಡಿಕೆ ಎಂತಕ್ಕೆ, ಹೇಳು?" ಎಂದ.

ಆಗ ಸಜ್ನಾ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ತಾನು ಏನು ಬರೆದಿದ್ದೇನೆ ಎಂದು ಅವಳಿಗೆ ಹೊಳೆದದ್ದು ಆಗಲೇ. ಅಂಗೈಯಿಂದ ಗೆರೆಗಳನ್ನು ಗಸಗಸ ಒರೆಸತೊಡಗಿದಳು. ಗಂಡಸರಿಬ್ಬರಿಗೂ ಇದೇನೆಂದು ಅರ್ಥವಾಗಲಿಲ್ಲ.

"ನಂಗೆ ಬೇರೆ ರೀತಿ ಮೀಯಿಸ್ಲಿಕ್ಕೆ ಗೊತ್ತಿಲ್ಲ ಉಮ್ಮ," ಎಂದು ಅವಳು ಅತ್ತಳು. "ನೀವು ಕಲಿಸಿದ್ದು ಇದೊಂದೇ."

ಉಮ್ಮಾಲಿಮ್ಮ ಸಿಟ್ಟು ಬರಲೆಂದು ಕಾದಳು. ಬರಲಿಲ್ಲ. ಯಾರ ಮೇಲೆ ಬರಬೇಕು? ಹುಡುಗಿ ಸುಳ್ಳು ಹೇಳಿರಲಿಲ್ಲ, ಗಂಡನೂ ಇಲ್ಲದ್ದನ್ನು ಹೇಳಿರಲಿಲ್ಲ. ಇಷ್ಟು ದಿನ ಕೂರುತ್ತೇನೆ, ಏಳುತ್ತೇನೆ ಎಂದುಕೊಂಡಿದ್ದವಳು ತಾನೊಬ್ಬಳೇ, ಮನೆಯವರೆಲ್ಲ ಆ ಆಸೆಯನ್ನು ಎಂದೋ ಮಡಿಸಿಟ್ಟಿದ್ದರು. ನೆಲದ ಮೇಲೆ ಕೈಯೂರಿ, ನೋವಿಗೆ ಹಲ್ಲು ಕಚ್ಚಿ ಕೂತಿದ್ದ ಸೊಸೆಯನ್ನು ಅವಳು ನೋಡಿದಳು.

"ಬರೆ," ಎಂದಳು. ಮಾತು ತೊದಲಿತು, ಆದರೆ ಎಲ್ಲರಿಗೂ ತಿಳಿಯಿತು. "ಕಟ್ಟೆ ಇನ್ನೊಂದು ಗೇಣು ಎತ್ತರ ಮಾಡು. ನಿಂಗೆ ಬಗ್ಗಲಿಕ್ಕೆ ಆಗುದಿಲ್ಲ."

ಸಜ್ನಾ ಮತ್ತೆ ಬರೆದಳು. ಹೆಂಡತಿ ಒಪ್ಪಿದಳಲ್ಲ ಎಂದು ಹಮೀದನಿಗೆ ಹೊರೆ ಇಳಿಸಿದಷ್ಟು ನೆಮ್ಮದಿಯಾಯಿತು, ನಾಳೆಯಿಂದಲೇ ಕೆಲಸ ಶುರು ಮಾಡು ಎಂದು ಪ್ರವೀತನಿಗೆ ಹೇಳಿದ.

ಸಂಜೆ ಸಜ್ನಾ ಬಿಸಿನೀರು, ಬಟ್ಟೆ ತಂದಳು. ಅಲ್ಲಿಯವರೆಗೆ ಮುಖವನ್ನಾದರೂ ಉಮ್ಮಾಲಿಮ್ಮ ತಾನೇ ಒರೆಸಿಕೊಳ್ಳುತ್ತಿದ್ದಳು. ಅಂದು ಬಟ್ಟೆಯನ್ನು ತೆಗೆದುಕೊಳ್ಳದೆ ಎಡಗೈಯನ್ನು ಸೊಸೆಯ ಮುಂದೆ ಚಾಚಿ ಕಣ್ಣು ಮುಚ್ಚಿದಳು. ಸಜ್ನಾ ಅದನ್ನೂ ತೊಳೆದಳು.