ಟೈಲರ್ ಜತ್ತಪ್ಪನ ಮೊಳೆ

ಸುಳ್ಯ ಪೇಟೆಯಲ್ಲಿ ಟೈಲರ್ ಜತ್ತಪ್ಪನಷ್ಟು ಪ್ರಶ್ನೆ ಕೇಳುವ ಮನುಷ್ಯ ಮತ್ತೊಬ್ಬನಿಲ್ಲ. ಅಂಗಿಯ ಅಳತೆಗೆ ನಿಂತವರು, ಟೇಪು ಕುತ್ತಿಗೆಯಿಂದ ಸೊಂಟಕ್ಕೆ ಇಳಿಯುವುದರೊಳಗೆ, ಅಜ್ಜನ ಮನೆಯ ಹಸು ಎಷ್ಟು ಹಾಲು ಕೊಡುತ್ತದೆಂಬುದನ್ನೂ ಹೇಳಿ ಮುಗಿಸಿರಬೇಕು. ಆದರೆ ನೆಲೆಯಿಲ್ಲದೆ, ತಮ್ಮಷ್ಟಕ್ಕೆ ಮಾತಾಡುತ್ತ ಅಲೆಯುವವರು ಯಾರಾದರೂ ಜಗಲಿ ಹತ್ತಿದರೆ ಅವನು ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. "ಊಟ ಆಯ್ತಾ ಮಾರಾಯ್ರೆ?" ಎಂದಷ್ಟೇ ಕೇಳಿ ಗಂಜಿ ತರಿಸುತ್ತಾನೆ. ಆಮೇಲೆ ಹಳೆಯ ಕೋಟೊಂದನ್ನು ಮುಂದಿಟ್ಟು, "ಇದರ ಹೊಲಿಗೆ ಬಿಚ್ಚಿ ಕೊಡಿ, ನನಗೆ ಕಣ್ಣು ಕಾಣುದಿಲ್ಲ" ಎನ್ನುತ್ತಾನೆ. ಕತ್ತಲಲ್ಲೂ ಸೂಜಿಗೆ ನೂಲು ಪೋಣಿಸುವ ಆಸಾಮಿ ಈ ಸುಳ್ಳನ್ನು ಒಂದಿಷ್ಟೂ ನಾಚದೆ ಹೇಳುತ್ತಾನೆ. "ಹುಚ್ಚರಿಗೆ ಎಂತ ಕೆಲಸ ಕೊಡುದು?" ಎಂದು ಗಿರಾಕಿಗಳು ಗೊಣಗಿದರೆ, "ಕೈಗೆ ಕೆಲಸ ಸಿಕ್ಕಿದರೆ ತಲೆ ಸ್ವಲ್ಪ ತಣಿಯುತ್ತದೆ. ನೀವು ಕೈ ಎತ್ತಿ, ಕಂಕುಳ ಅಳತೆ ಬಾಕಿ ಉಂಟು" ಎಂದು ಟೇಪು ಬಿಗಿಯುತ್ತಾನೆ. ಮೊನ್ನೆ ಬಂದ ಮುದುಕ ಮಾತ್ರ ತನ್ನ ಬಟ್ಟೆಯ ಗಂಟನ್ನು ಎದೆಗವಚಿಕೊಂಡೇ ಕೂತ. ಗಂಟು ಹಿಡಿದ ಕೈಗೆ ಹೊಲಿಗೆ ಬಿಚ್ಚಲಾಗುತ್ತದೆಯೇ? ಮೂರನೆಯ ದಿನ ಜತ್ತಪ್ಪ ಮೆಷಿನು ನಿಲ್ಲಿಸಿ, ಹೊಸ ಅಂಗಿಗಳ ಸಾಲಿನ ಹಿಂದೆ ಮೊಳೆಗೆ ನೇತಾಡುತ್ತಿದ್ದ ಮಾಸಿದ ಗಂಟೊಂದನ್ನು ತೋರಿಸಿದ. "ಇದು ನನ್ನದು. ಐದು ವರ್ಷ ಇದನ್ನು ಹಿಡಿದುಕೊಂಡು ಪುತ್ತೂರಿನ ಅಂಗಡಿ ಜಗಲಿಗಳಲ್ಲಿ ಬಿದ್ದುಕೊಂಡಿದ್ದೆ. ಆಣೆ ಹೋಗಿ ನಯಾಪೈಸೆ ಬಂದ ವರ್ಷ ಇಲ್ಲಿ ನೇತುಹಾಕಿದ್ದು, ಇಷ್ಟರವರೆಗೆ ಯಾರೂ ಮುಟ್ಟಲಿಲ್ಲ." ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದು ಅವನು ಮೆಷಿನಿಗೆ ಮರಳಿದ. ಸುಮಾರು ಹೊತ್ತಿನ ಮೇಲೆ ಮುದುಕ ಎದ್ದು ಗಂಟನ್ನು ಆ ಮೊಳೆಗೆ ಸಿಕ್ಕಿಸಿ, ಹೊಲಿಗೆ ಬಿಚ್ಚಬೇಕಿದ್ದ ಹಳೆಯ ಕೋಟಿಗೆ ಎರಡೂ ಕೈ ಚಾಚಿದ.